ನಮ್ಮ ಸಮುರಾಯ್, ಬೀಗರ ಸಮುರಾಯ್

ಫೆಬ್ರವರಿ ೯

ಅಪ್ಪಾ,

ಫೋನ್ ಬಿಟ್ಟು ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ಈ ಮನೆಯ ಫೋನು ಹಾಲ್‌ನ ನಟ್ಟನಡುವೆ ಇದೆ. ನಾನು "ಅಪ್ಪಾ" ಎಂದರೆ ಸಾಕು, ಅಡುಗೆಮನೆಯಿಂದ ಅತ್ತೆ "ಬೀಗರಿಗೆ ನಮಸ್ಕಾರ ಹೇಳಮ್ಮಾ" ಎನ್ನುತ್ತಾರೆ, ಮಾವ ಟೀವಿಯ ಸದ್ದು ತಗ್ಗಿಸುತ್ತಾರೆ. ಅವರು ತಗ್ಗಿಸುವುದು ಮರ್ಯಾದೆಗೆ, ಆದರೆ ನನಗೆ ಬಾಯಿ ಕಟ್ಟಿಹೋಗುತ್ತದೆ.

ಇಲ್ಲೂ ಕನ್ನಡಕದ ಅಂಗಡಿಯಲ್ಲೇ ಕೆಲಸ ಸಿಕ್ಕಿತು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು, ಅದೇ. ನಿನ್ನ ಅಳಿಯಂದಿರು ಚೆನ್ನಾಗಿದ್ದಾರೆ, ಸಿನಿಮಾ ಹಾಕಿದರೆ ನಿದ್ದೆ ಹೋಗುತ್ತಾರೆ, ಅದೊಂದೇ ದೋಷ.

ಈಗ ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದು. ನಮ್ಮ ತೆಪ್ಪದ ಸಿನಿಮಾ ಇದೆಯಲ್ಲ, ಜಪಾನಿನ ಸಮುರಾಯ್‌ಗಳದ್ದು, ಕಪ್ಪುಬಿಳುಪು, ಅದು ಮಾವನ ಹತ್ತಿರ ಇದೆ! ಪೂರ್ತಿ ಇದೆ! ಒಂದು ಗೀರಿಲ್ಲ, ಕೆಳಗೆ ನಾವು ಓದಬಲ್ಲ ಅಕ್ಷರದಲ್ಲೇ ಮಾತುಗಳು ಬರುತ್ತವೆ. ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರಾದ ಮೇಲೆ ಮಾವ ಪ್ರತಿ ಭಾನುವಾರ ಅಕ್ಕಪಕ್ಕದವರನ್ನು ಕೂಡಿಸಿ ಹಳೇ ಸಿನಿಮಾ ತೋರಿಸುತ್ತಾರೆ. ಮೊನ್ನೆ ಡಬ್ಬಿಯ ಮೇಲೆ, ನಾವು ಉದ್ದಣ್ಣ ಎನ್ನುತ್ತಿದ್ದೆವಲ್ಲ, ಅವನ ಮುಖ ನೋಡಿ ನಾನು ಕಿರುಚಿಯೇಬಿಟ್ಟೆ.

ಅಪ್ಪಾ, ನಾವು ಎಂಥಾ ಪೆದ್ದರು! ನೀನು ಗಿರಾಕಿಗೆ ಇಸ್ತ್ರಿ ಮಾಡಿದ ಕೋಟು ಕೊಟ್ಟು ಕಳಿಸಿ, ಒಳಗೆ ಬಂದು ರೆಕಾರ್ಡ್ ಒತ್ತುವಷ್ಟರಲ್ಲಿ ಟೀವಿಯಲ್ಲಿ ಸಿನಿಮಾದ ಮೊದಲ ಭಾಗ ಕಳೆದೇಹೋಗಿತ್ತಲ್ಲ, ಎಡವಟ್ಟೆಲ್ಲ ಅಲ್ಲೇ ಆಗಿದ್ದು. ನಮ್ಮ ಟೇಪು ಶುರುವಾಗುವುದೇ ಉದ್ದಣ್ಣ ಕುಳ್ಳನ ತಲೆಯನ್ನು ಹೊಳೆಯಲ್ಲಿ ಅದ್ದುವಲ್ಲಿಂದ. ಅದನ್ನು ನೋಡಿ ಉದ್ದಣ್ಣ ಕೇಡಿ, ತೆಪ್ಪ ನಡೆಸುವ ಕುಳ್ಳ ಹೀರೋ ಎಂದು ನಾವು ತೀರ್ಮಾನ ಮಾಡಿಬಿಟ್ಟೆವು. ಎಲ್ಲಾ ಉಲ್ಟಾ! ಉದ್ದಣ್ಣನೇ ಸಮುರಾಯ್, ಅವನೇ ಹೀರೋ. ಕಾಯಿಲೆ ಹರಡಿದ ಊರಿಗೆ ಮುದಿ ವೈದ್ಯನನ್ನು ಶತ್ರುಗಳ ಕಣ್ಣು ತಪ್ಪಿಸಿ ಹೊಳೆಯ ಮೇಲೆ ಕರೆದೊಯ್ಯುವವನು ಅವನು. ಕುಳ್ಳ ಆ ಶತ್ರುಗಳ ಜೊತೆ ಒಳಗೊಳಗೇ ಸೇರಿಕೊಂಡು ವೈದ್ಯನನ್ನು ಹಿಡಿದುಕೊಡುವುದಾಗಿ ಮಾತು ಕೊಟ್ಟಿರುತ್ತಾನೆ. ಅದಕ್ಕೇ ಆ ಅದ್ದಾಟ!

ಮಾವ ಒಂದೊಂದು ದೃಶ್ಯಕ್ಕೂ ನಿಲ್ಲಿಸಿ ವಿವರಿಸಿದರು. ಮಂಜಿನಲ್ಲಿ ತೆಪ್ಪ ಬರುವಾಗ ಪರದೆಯ ಮುಕ್ಕಾಲು ಭಾಗ ಖಾಲಿ ಬಿಟ್ಟಿದ್ದಾರಂತೆ, ಆ ಖಾಲಿ ಜಾಗದಲ್ಲೇ ಭಯ ಇರುವುದಂತೆ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಅಮ್ಮನಿಗೆ ಹೇಳು, ಅವಳೂ ನಗಲಿ.

ನಿನ್ನ
ಗುಂಡಿ

---

ಫೆಬ್ರವರಿ ೧೭

ಗುಂಡಿ,

ನಿನ್ನ ಕಾಗದ ಬಂತು. ನಿಮ್ಮಮ್ಮನಿಗೆ ಓದಿ ಹೇಳಿದೆ. "ಅದರಲ್ಲಿ ಮಾವ ಎಷ್ಟು ಸಲ ಬಂದ್ರು, ನಾವೆಷ್ಟು ಸಲ ಬಂದ್ವಿ?" ಎಂದು ಅವಳೇ ಕೇಳಿದಳು. ನಾನು ಆ ಮಾತು ಎತ್ತಿರಲಿಲ್ಲ.

ಇರಲಿ. ನಿಮ್ಮ ಮನೆಯಲ್ಲಿ ಗೀರಿಲ್ಲದ ಸಿನಿಮಾ ಇದೆ, ಸಂತೋಷ. ದೊಡ್ಡ ಟೀವಿ ಇದೆ, ಅದೂ ಸಂತೋಷ. ಒಂದು ಮಾತು ಕೇಳುತ್ತೇನೆ. ನಿಮ್ಮಮ್ಮ ಬ್ರೆಡ್ ಫ್ಯಾಕ್ಟರಿಯ ರಾತ್ರಿಪಾಳಿ ಮುಗಿಸಿ ಬಂದು ಹಗಲೆಲ್ಲ ಮಲಗಿರುತ್ತಿದ್ದಳು. ಅವಳಿಗೆ ಎಚ್ಚರವಾಗಬಾರದೆಂದು ಟೀವಿಯ ಸದ್ದು ಪೂರ್ತಿ ತೆಗೆದು, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು, ಉದ್ದಣ್ಣನಿಗೊಂದು ಗಂಟಲು, ಕುಳ್ಳನಿಗೊಂದು ಗಂಟಲು, ವೈದ್ಯನಿಗೆ ಕೆಮ್ಮು ಸಮೇತ ಇನ್ನೊಂದು ಗಂಟಲು ಮಾಡಿ ಪಿಸುಗುಟ್ಟುತ್ತಿದ್ದವನು ಯಾರು? ನೀನು ಮೇಜಿನ ಕೆಳಗೆ ಮಡಿಸಿಟ್ಟ ಬೆಡ್‌ಶೀಟುಗಳ ಮೇಲೆ ಕೂತು "ಇನ್ನೊಂದ್ಸಲ" ಎನ್ನುತ್ತಿದ್ದೆ. ಎಷ್ಟು ಜನರ ಷರಟಿನ ಕಾಲರು ಆ ಸಿನಿಮಾದ ದೆಸೆಯಿಂದ ಸುಟ್ಟುಹೋಯಿತು ಗೊತ್ತಾ ನಿನಗೆ?

ಕುಳ್ಳ ಕೇಡಿಯಂತೆ! ಯಾರು ಹೇಳಿದ್ದು? ಕೊನೆಯಲ್ಲಿ ಶತ್ರುಗಳು ಹೊಳೆಗೆ ಅಡ್ಡಲಾಗಿ ಕಟ್ಟಿದ ಹಗ್ಗವನ್ನು ಬಾಣಗಳ ನಡುವೆ ಈಜಿಕೊಂಡು ಹೋಗಿ ಕಡಿಯುವವನು ಯಾರು? ಮುಳುಗುವವನು ಯಾರು? ನಿಮ್ಮ ಉದ್ದಣ್ಣನಾ? ಅವನು ಆಗ ದಡದಲ್ಲಿ ನಮಗೆ ಬೆನ್ನು ಮಾಡಿಕೊಂಡು ನಿಂತಿರುತ್ತಾನೆ. ಪ್ರೊಫೆಸರ್ ಸಾಹೇಬರು ಇದಕ್ಕೆ ಏನು ಹೇಳುತ್ತಾರೆ ಕೇಳು.

ಮತ್ತೆ ಆ ಖಾಲಿ ಜಾಗದ ವಿಚಾರ. ಅಷ್ಟು ಓದಿದವರಿಗೆ ಉದ್ದಣ್ಣನ ಬಟ್ಟೆ ಕಾಣಿಸಲಿಲ್ಲವಾ? ಹೊಳೆಯಲ್ಲಿ ಬಿದ್ದೆದ್ದ ಮೇಲೆ ಸಿನಿಮಾ ಮುಗಿಯುವ ತನಕ ಅವನ ನಿರಿಗೆ ಸುಕ್ಕಾಗಿಯೇ ಇರುತ್ತದೆ. ಬೇರೆ ಸಿನಿಮಾದವರು ಮುಂದಿನ ದೃಶ್ಯಕ್ಕೆ ಇಸ್ತ್ರಿ ಮಾಡಿಸಿ ತೊಡಿಸುತ್ತಾರೆ. ಇವರು ಮಾಡಿಸಲಿಲ್ಲ. ಅದನ್ನು ನಿನಗೆ ತೋರಿಸಿದವನು ನಾನು, ಈಗ ಅದು ನಿನಗೆ ನೆನಪೇ ಆಗಲಿಲ್ಲ.

ಹೊಟ್ಟೆಕಿಚ್ಚು ಎಂದು ನಿಮ್ಮಮ್ಮ ಆಡಿಕೊಳ್ಳುತ್ತಾಳೆ. ಹೌದು, ಹೊಟ್ಟೆಕಿಚ್ಚೇ. ಬೀಗರ ಮನೆಗೆ ಮಗಳನ್ನು ಕೊಟ್ಟೆ, ಸಿನಿಮಾ ಕೊಟ್ಟಿರಲಿಲ್ಲ.

ನಿನ್ನ
ಅಪ್ಪ

---

ಮಾರ್ಚ್ ೫

ಅಪ್ಪಾ,

ಅಯ್ಯೋ ನಿನ್ನ! ನಾನು ನಗಲಿ ಎಂದು ಬರೆದರೆ ನೀನು ಜಗಳಕ್ಕೇ ನಿಂತೆಯಲ್ಲ.

ನಿನ್ನನ್ನು ನಾನು ಮರೆತಿಲ್ಲ, ಆಣೆ ಇಟ್ಟು ಹೇಳುತ್ತೇನೆ. ನೀನು ಹೇಳಿದ ಸುಕ್ಕಿನ ವಿಷಯ ಮಾವನಿಗೆ ಹೇಳಿದೆ, ಅವರು ಎದ್ದು ಹೋಗಿ ಮತ್ತೆ ಹಾಕಿ ನೋಡಿದರು. "ಹೌದಲ್ಲ" ಎಂದರು. ಮುಖ ಸ್ವಲ್ಪ ಸಣ್ಣದಾಯಿತು.

ಆದರೆ ಅಪ್ಪಾ, ಈ ಸಿನಿಮಾಕ್ಕೆ ಸದ್ದು ಇದೆ! ನಮಗದು ಗೊತ್ತೇ ಇರಲಿಲ್ಲ. ಜೊಂಡಿನಲ್ಲಿ ಕಾದಾಡುವ ದೃಶ್ಯ ಇದೆಯಲ್ಲ, ಮನುಷ್ಯರೇ ಕಾಣದೆ ಬರೀ ಜೊಂಡಿನ ತುದಿ ಅಲ್ಲಾಡುತ್ತದಲ್ಲ, ಅಲ್ಲಿ ಸಂಗೀತ ಇಲ್ಲ. ಗಾಳಿ, ಕಾಲು ಕೆಸರಿನಿಂದ ಕೀಳುವ ಸದ್ದು, ಯಾರದೋ ಏದುಸಿರು, ಅಷ್ಟೇ. ಯಾರ ಉಸಿರು ಎಂದೂ ತಿಳಿಯುವುದಿಲ್ಲ. ಆಮೇಲೆ ಅದು ಒಮ್ಮೆಲೇ ನಿಂತುಹೋಗುತ್ತದೆ. ನೀನು ಅಲ್ಲಿ "ಎಲ್ಲಿ ಅಡಗಿದ್ದೀಯೋ ಬಡ್ಡಿಮಗನೇ" ಎನ್ನುತ್ತಿದ್ದೆ.

ಮೊನ್ನೆ ಭಾನುವಾರ ಎಲ್ಲರ ಮುಂದೆ ನಿನ್ನ ಡಬ್ಬಿಂಗ್ ಮಾಡಿ ತೋರಿಸಿದೆ. ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡಿದ್ದ ಪಕ್ಕದ ಮನೆಯ ಔಷಧಿ ಅಂಗಡಿಯವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯಲ್ಲಿ ಉದ್ದಣ್ಣನ ಬೆನ್ನಿಗೆ ನೀನು ಹಾಕಿದ "ತಪ್ಪಾಯ್ತು ಕಣಯ್ಯಾ, ನಿನ್ನ ಬೆಲೆ ಗೊತ್ತಾಗ್ಲಿಲ್ಲ" ಕೇಳಿ ಅತ್ತೆಯ ಕಣ್ಣಲ್ಲಿ ನೀರೇ ಬಂತು, ನಗುವಿಗೆ. ಮಾವ ಒಬ್ಬರೇ ನಗಲಿಲ್ಲ. ಅವರಿಗೆ ಆ ಜಾಗ ಅಂದರೆ ದೇವರ ಕೋಣೆ ಇದ್ದ ಹಾಗೆ.

ನೀನೂ ಬಾ ಅಪ್ಪಾ. ಮದುವೆಯಾದ ಮೇಲೆ ಈ ಮನೆಗೆ ನೀನು ಕಾಲಿಟ್ಟಿಲ್ಲ.

ನಿನ್ನ
ಗುಂಡಿ

---

ಮಾರ್ಚ್ ೧೨

ಗುಂಡಿ,

ನಗಲಿ. ನಗುವವರು ನಗಲಿ, ಅವರ ಹಲ್ಲು ಅವರದು.

ನಾನು ಆ ಮಾತುಗಳನ್ನು ಊರಿಗೆಲ್ಲ ಆಡಿದ್ದಲ್ಲ. ಮೇಜಿನ ಕೆಳಗೆ ಕೂತಿದ್ದ ಒಬ್ಬಳಿಗೆ ಆಡಿದ್ದು. ಅವಳು ಅದನ್ನು ಹೊತ್ತುಕೊಂಡು ಹೋಗಿ ಬೀಗರ ಹಾಲ್‌ನಲ್ಲಿ ಹರಡುತ್ತಾಳೆ ಎಂದು ಗೊತ್ತಿದ್ದರೆ ಸುಮ್ಮನೆ ಇಸ್ತ್ರಿ ಮಾಡುತ್ತಿದ್ದೆ.

ಅಂಗಡಿಯಲ್ಲಿ ಕೆಲಸ ಜಾಸ್ತಿ ಇದೆ, ಬರುವುದಕ್ಕಾಗುವುದಿಲ್ಲ.

ಅಪ್ಪ

---

ಮೇ ೨

ಅಪ್ಪಾ,

ನಾನು ಬರೆದ ಒಂದಕ್ಕೂ ಉತ್ತರ ಇಲ್ಲ. ಫೋನ್ ಮಾಡಿದರೆ ಅಮ್ಮ ಎತ್ತುತ್ತಾಳೆ. "ನಿಮ್ಮಪ್ಪ ಸ್ಟೀಮ್ ಪ್ರೆಸ್ ಹತ್ರ ಇದಾರೆ ಕಣೆ" ಎನ್ನುತ್ತಾಳೆ. ಹಿಂದೆ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ವೈದ್ಯನ ಕೆಮ್ಮಲ್ಲ, ನಿನ್ನದೇ.

ತಪ್ಪು ನನ್ನದು. ಅವರ ಮುಂದೆ ಮಾಡಿ ತೋರಿಸಬಾರದಿತ್ತು. ಈ ಮನೆಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಮಾವನಿಗೆ ಚಿತ್ರ, ಅತ್ತೆಗೆ ಸಂಗೀತ, ಇವರಿಗೆ ಲೆಕ್ಕ. ಹೊಸಬಳಾಗಿ ಬಂದವಳಿಗೆ ಹೇಳಿಕೊಳ್ಳುವುದಕ್ಕೆ ಏನಾದರೂ ಬೇಕಲ್ಲ. ನನ್ನ ಹತ್ತಿರ ಇದ್ದದ್ದು ನೀನೊಬ್ಬನೇ, ಅದಕ್ಕೇ ನಿನ್ನನ್ನೇ ತೆಗೆದು ತೋರಿಸಿದೆ. ಅವರು ನಕ್ಕಾಗ ನನಗೆ ಹೆಮ್ಮೆಯಾಗಿತ್ತು ಅಪ್ಪಾ. ಅದು ನಿನಗೆ ಚುಚ್ಚುತ್ತದೆ ಎಂದು ಹೊಳೆಯಲೇ ಇಲ್ಲ.

ಬೈದಾದರೂ ಬರೆ.

ಗುಂಡಿ

---

ಮೇ ೧೪

ಬೀಗರಿಗೆ ನಮಸ್ಕಾರಗಳು.

ನಾನು ನಿಮಗೆ ಬರೆಯುತ್ತಿರುವುದು ಸೊಸೆಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನನ್ನದೊಂದು ದೂರು ಇದೆ.

ನಲವತ್ತು ವರ್ಷ ಮಕ್ಕಳಿಗೆ ಚಿತ್ರ ಕಲಿಸಿದವನು ನಾನು. ಈ ಸಮುರಾಯ್ ಚಿತ್ರವನ್ನು ಹುಡುಗನಾಗಿದ್ದಾಗ ಥಿಯೇಟರಿನಲ್ಲಿ ನೋಡಿ, ದೊಡ್ಡವನಾದ ಮೇಲೆ ಎಲ್ಲೆಲ್ಲೋ ಹುಡುಕಿಸಿ ತರಿಸಿಕೊಂಡೆ. ನನ್ನ ಮಗನಿಗೆ ತೋರಿಸಿದೆ, ತೂಕಡಿಸಿದ. ಹೆಂಡತಿಗೆ ತೋರಿಸಿದೆ, "ಪಾಪ, ಆ ವೈದ್ಯರಿಗೆ ಒಂದು ಕಂಬಳಿಯಾದ್ರೂ ಕೊಡಬಾರದಿತ್ತಾ" ಎಂದಳು. ಕೊನೆಗೆ ಸೊಸೆ ಬಂದಳು, ಡಬ್ಬಿ ನೋಡಿ ಕಿರುಚಿದಳು. ಅಂತೂ ಈ ಮನೆಯಲ್ಲಿ ನನಗೊಬ್ಬರು ಜೊತೆ ಸಿಕ್ಕರು ಎಂದು ಹಿಗ್ಗಿದೆ.

ಎಲ್ಲಿಯ ಜೊತೆ? ನಾನು ಹೊಳೆಯ ದೃಶ್ಯದ ನೆರಳುಬೆಳಕು ವಿವರಿಸಿದರೆ "ನಮ್ಮಪ್ಪ ಇಲ್ಲಿ ಏನಂತಿದ್ರು ಗೊತ್ತಾ ಮಾವ" ಎನ್ನುತ್ತಾಳೆ. ಕೊನೆಯ ದೃಶ್ಯದಲ್ಲಿ ಆ ಸಮುರಾಯ್ ಬೆನ್ನು ತಿರುಗಿಸಿ ನಿಂತಾಗ ನನಗೆ ಉಸಿರು ನಿಲ್ಲುತ್ತಿತ್ತು. ಈಗ ಅದೇ ಹೊತ್ತಿಗೆ ಪಕ್ಕದಿಂದ ಸಣ್ಣಗೆ "ತಪ್ಪಾಯ್ತು ಕಣಯ್ಯಾ" ಎಂದು ಕೇಳಿಸುತ್ತದೆ. ಅವಳಿಗೆ ತಾನು ಹಾಗೆ ಅನ್ನುವುದು ಗೊತ್ತೂ ಆಗುವುದಿಲ್ಲ. ಈಗೀಗ ಒಬ್ಬನೇ ಹಾಕಿಕೊಂಡರೂ ನನ್ನ ಕಿವಿಯಲ್ಲಿ ನಿಮ್ಮದೇ ಮಾತು. ಇದು ನ್ಯಾಯವೇ ಹೇಳಿ. ದುಡ್ಡು ಕೊಟ್ಟು ತರಿಸಿದ್ದು ನಾನು, ತೋರಿಸುತ್ತಿರುವುದು ನೀವು.

ನೇರವಾಗಿ ಹೇಳುತ್ತೇನೆ, ನನಗೆ ನಿಮ್ಮ ಮೇಲೆ ಹೊಟ್ಟೆ ಉರಿ. ನನಗೂ ಒಂದು ಮಗು ಹಾಗೆ ಮೇಜಿನ ಕೆಳಗೆ ಕೂತು "ಇನ್ನೊಂದ್ಸಲ" ಎಂದಿದ್ದರೆ ಎನಿಸುತ್ತದೆ.

ಬಂದು ಒಂದು ಸಲ ಚಿತ್ರವನ್ನು ಸದ್ದಿನ ಸಮೇತ ನೋಡಿ. ಇಷ್ಟವಾಗದಿದ್ದರೆ ಬೈದು ಹೋಗಿ. ಆದರೆ ನಿಮ್ಮ ಮಗಳು ಅಂಚೆಯವನ ದಾರಿ ಕಾಯುವುದನ್ನು ನೋಡಲು ನನ್ನಿಂದ ಆಗುತ್ತಿಲ್ಲ.

ಇಂತಿ,
ನಿಮ್ಮ ಬೀಗ

---

ಜೂನ್ ೩

ಗುಂಡಿ,

ಕ್ಷೇಮವಾಗಿ ಬಂದು ತಲುಪಿದೆ. ನಿಮ್ಮ ಅತ್ತೆ ಕಟ್ಟಿಕೊಟ್ಟ ತಿಂಡಿ ಬಸ್ಸಿನಲ್ಲೇ ಖಾಲಿಯಾಯಿತು ಎಂದು ಅವರಿಗೆ ಹೇಳು.

ನಿಮ್ಮ ಮನೆಯಲ್ಲಿ ನಾನು ಜಾಸ್ತಿ ಮಾತಾಡಲಿಲ್ಲ, ನೀನು ನೂರು ಸಲ "ಹೇಗಿತ್ತಪ್ಪಾ" ಎಂದೆ. ಎಲ್ಲರೆದುರು ಹೇಳುವ ಮಾತಲ್ಲ ಅದು, ಈಗ ಹೇಳುತ್ತೇನೆ.

ನಾನು ಬಂದದ್ದು ತಪ್ಪು ಹುಡುಕುವುದಕ್ಕೆ. ಸೋಫಾದಲ್ಲಿ ಕೈಕಟ್ಟಿಕೊಂಡು, ನೋಡೇಬಿಡೋಣ ಎಂದು ಕೂತೆ. ಕಳೆದುಹೋಗಿದ್ದ ಮೊದಲ ಭಾಗ ಬಂತು. ಕುಳ್ಳ ಗುಡಿಸಲಿನ ಹಿಂದೆ ಶತ್ರುವಿಗೆ ತಲೆಯಾಡಿಸುವುದನ್ನು ಕಣ್ಣಾರೆ ಕಂಡೆ. ಇಷ್ಟು ವರ್ಷ ನನ್ನ ಗಂಟಲನ್ನು ಅವನಿಗೆ ಕೊಟ್ಟಿದ್ದೆನಲ್ಲ, ಹೀಗಾ ಮಾಡೋದು ಎಂದುಕೊಂಡೆ. ಆಮೇಲೆ ಮಂಜು ಬಂತು, ಜೊಂಡು ಬಂತು, ನೀನು ಬರೆದಿದ್ದ ಆ ಏದುಸಿರೂ ಬಂತು. ಆ ಇಕ್ಕಟ್ಟು ತೆಪ್ಪದ ಮೇಲೆ ನಾಲ್ವರು ಕಾದಾಡುವಾಗ, ಒಬ್ಬ ಹೆಜ್ಜೆ ಇಟ್ಟರೆ ಇನ್ನೊಬ್ಬ ಬೀಳುತ್ತಾನೆ, ಅದಕ್ಕೆ ಉದ್ದಣ್ಣ ಕತ್ತಿಯನ್ನೇ ಬೀಸುವುದಿಲ್ಲ, ಬರೀ ಕಾಲಿನ ಭಾರ ಬದಲಿಸಿ ಮೂವರನ್ನು ನೀರಿಗೆ ಕೆಡವುತ್ತಾನೆ. ನಮ್ಮ ಟೇಪಿನಲ್ಲಿ ಅಲ್ಲೆಲ್ಲ ಗೆರೆ ಬರುತ್ತಿತ್ತು, ಮೂವರೂ ಕಾಲು ಜಾರಿ ಬಿದ್ದರು ಎಂದು ನಾನು ನಿನಗೆ ಹೇಳಿದ್ದೆ. ಎಂಥಾ ಸಿನಿಮಾ! ಇಂಥದ್ದನ್ನು ಮಾಡಿದವರ ಕೈಗೆ ಮುತ್ತಿಡಬೇಕು.

ಕೊನೆಗೆ ಆ ಬೆನ್ನು. ಅಲ್ಲಿ ಮಾತೇ ಇಲ್ಲ. ಅವನು ಬಾಯಿ ತೆರೆಯುವುದೇ ಇಲ್ಲ. ಕುಳ್ಳ ಮುಳುಗಿದ ನೀರು ಅಲೆ ಅಡಗಿ ಸಮವಾಗುವ ತನಕ ನಿಂತಿರುತ್ತಾನೆ, ಅಷ್ಟೇ. ಅಂಥಾ ಜಾಗಕ್ಕೆ ನಾನು ಮಾತು ತುರುಕಿದ್ದೆ. ನಾಚಿಕೆಯಾಯಿತು. ನನ್ನ ಮಾತಿಗಿಂತ ಆ ಬೆನ್ನೇ ದೊಡ್ಡದು, ಒಪ್ಪಿಕೊಂಡೆ.

ಆದರೂ ಇದನ್ನೂ ಹೇಳಿಬಿಡುತ್ತೇನೆ. ಸಿನಿಮಾ ನಡೆಯುವಾಗ ಏನಾದರೂ ಕೇಳಬೇಕಾದರೆ ನೀನು ತಿರುಗುತ್ತಿದ್ದದ್ದು ಬೀಗರ ಕಡೆಗೆ. ನಾನು ಈಚೆ ಪಕ್ಕದಲ್ಲೇ ಕೂತಿದ್ದೆ. ಕೇಳಿದ್ದರೆ ನನಗೇನೂ ಗೊತ್ತಿರಲಿಲ್ಲ ಬಿಡು, ಆದರೂ ಒಂದು ಸಲ ತಿರುಗಬಹುದಿತ್ತು. ಹೊಟ್ಟೆಯಲ್ಲಿ ಒಲೆ ಹಚ್ಚಿದ ಹಾಗೆ ಆಗುತ್ತಿತ್ತು.

ಊಟವಾದ ಮೇಲೆ ಬೀಗರೂ ನಾನೂ ಟೆರೇಸಿಗೆ ಹೋದೆವಲ್ಲ, ಅಲ್ಲಿ ಜಗಳವಾಯಿತು. ಒಳ್ಳೆಯವನು ಒಳ್ಳೆಯದು ಮಾಡಿದರೆ ಅದರಲ್ಲಿ ಏನು ಹೆಚ್ಚುಗಾರಿಕೆ, ಶತ್ರುಗಳಿಗೆ ಮಾತು ಕೊಟ್ಟು ಕೆಟ್ಟವನು ತಿರುಗಿ ಬಂದು ಪ್ರಾಣ ಕೊಡುತ್ತಾನಲ್ಲ, ಆದ್ದರಿಂದ ಕುಳ್ಳನೇ ಹೀರೋ ಎಂದೆ. "ಛೆ ಛೆ, ಎಲ್ಲಾದರೂ ಉಂಟೇ" ಎಂದರು. ಆಮೇಲೆ ಟೆರೇಸಿನ ಈ ತುದಿಯಿಂದ ಆ ತುದಿಗೆ ನಡೆದಾಡಿದರು. ಇದರ ಬಗ್ಗೆ ಕಾಗದ ಬರೆಯುತ್ತಾರಂತೆ. ಬರೆಯಲಿ ನೋಡೋಣ.

ನಿನ್ನ
ಅಪ್ಪ

---

ಆಗಸ್ಟ್ ೨೦

ಅಪ್ಪನವರಿಗೆ,

"ಅಪ್ಪನವರಿಗೆ" ಎಂದು ಬೇಕೆಂದೇ ಬರೆದಿದ್ದೇನೆ. ನಾವೀಗ ಅಷ್ಟೊಂದು ಪರಿಚಯದವರಲ್ಲವಲ್ಲ.

ನನಗೆ ಬರುವುದು ಅರ್ಧ ಪುಟ. "ಇಲ್ಲಿ ಎಲ್ಲರೂ ಕ್ಷೇಮ, ಮಳೆಗೆ ಬಟ್ಟೆ ಒಣಗುತ್ತಿಲ್ಲ, ಇಂತಿ." ಮಾವನಿಗೆ ಬರುವುದು ದಪ್ಪ ಲಕೋಟೆ, ಎರಡು ಸ್ಟಾಂಪು ಹಚ್ಚಿದ್ದು. ಅದನ್ನು ಅವರು ಕೋಣೆಗೆ ಒಯ್ದು ಓದುತ್ತಾರೆ. ಒಳಗಿನಿಂದ ನಗು ಕೇಳಿಸುತ್ತದೆ. "ಏನಂತೆ ಮಾವ?" ಎಂದರೆ "ಏನಿಲ್ಲಮ್ಮ, ಕುಳ್ಳನ ವಿಚಾರ" ಎನ್ನುತ್ತಾರೆ. ಅಮ್ಮನ ಆರೋಗ್ಯವನ್ನೂ ನಾನು ಮಾವನನ್ನು ಕೇಳಿ ತಿಳಿಯುವ ಕಾಲ ಬಂತು!

ಅದನ್ನೂ ನುಂಗಿಕೊಂಡೆ. ಇವತ್ತು ಬೆಳಿಗ್ಗೆ ಇಸ್ತ್ರಿಗೆ ಕೊಡೋಣ ಎಂದು ಮಾವನ ಷರಟು ತೆಗೆದರೆ ಜೇಬಿನಲ್ಲಿ ಎರಡು ಟಿಕೆಟ್. ದೊಡ್ಡ ಥಿಯೇಟರಿನಲ್ಲಿ ಆ ಸಿನಿಮಾ ಬರುತ್ತಿದೆಯಂತೆ, ದೊಡ್ಡ ಪರದೆಯ ಮೇಲೆ. ಮುಂದಿನ ತಿಂಗಳ ಮೊದಲ ಶನಿವಾರ, ಮ್ಯಾಟಿನಿ. "ನಾನು, ಮತ್ತೆ ನಿಮ್ಮಪ್ಪ" ಎಂದರು, ಏನೂ ಆಗದವರ ಹಾಗೆ. "ನಾನು?" ಎಂದೆ. "ನಿನಗೆ ಶನಿವಾರ ಅಂಗಡಿ ಇರುತ್ತಲ್ಲಮ್ಮ" ಎಂದರು.

ಅಂಗಡಿ ಇರುತ್ತೆ! ರಜಾ ಹಾಕೋಕೆ ನನಗೆ ಬರೋದಿಲ್ಲವಾ? ಕೇಳಬೇಕು ಎಂದು ನಿಮ್ಮಿಬ್ಬರಲ್ಲಿ ಒಬ್ಬರಿಗೂ ಅನಿಸಲಿಲ್ಲ. ಗಾಜು ಉಜ್ಜುತ್ತಾ ಒಬ್ಬಳೇ ಅತ್ತುಬಿಟ್ಟೆ ಅಪ್ಪಾ, ಗಿರಾಕಿಯ ಕನ್ನಡಕ ಹಿಡಿದುಕೊಂಡು. ಅವರು ಏನಾಯಿತೋ ಎಂದು ಹೆದರಿ ನಾಳೆ ಬರುತ್ತೇನೆ ಎಂದು ಹೋದರು.

ನಿನ್ನ ಜೊತೆ ಆ ಸಿನಿಮಾ ಮೊದಲು ನೋಡಿದವಳು ನಾನು. ನೀನು ಗಂಟಲು ಬದಲಿಸಿದ್ದು ನನಗೋಸ್ಕರ. ಮಾವ ಒಳ್ಳೆಯವರು, ನನಗೆ ಅವರೆಂದರೆ ಇಷ್ಟ, ಆದರೆ ನನ್ನ ಅಪ್ಪನನ್ನು ಅವರಿಗೆ ಬಿಟ್ಟುಕೊಡುವಷ್ಟು ಇಷ್ಟ ಇಲ್ಲ. ನೀನು ಅವರಿಗೆ ಬೀಗನಾಗಿರು, ಸ್ನೇಹಿತನಾಗಿರು, ಏನು ಬೇಕಾದರೂ ಆಗು. ಆ ಸಿನಿಮಾ ನೋಡುವಾಗ ಪಕ್ಕದಲ್ಲಿ ನಾನಿರಬೇಕು.

ಇದಕ್ಕೂ ಅರ್ಧ ಪುಟ ಬರೆದರೆ ನಾನು ಮತ್ತೆ ಬರೆಯುವುದಿಲ್ಲ.

ಗುಂಡಿ

---

ಆಗಸ್ಟ್ ೨೪

ನನ್ನ ಗುಂಡಿ,

ನಿನ್ನ ಕಾಗದ ಬಂದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಓದುತ್ತಾ ನನ್ನಷ್ಟಕ್ಕೆ ನಗುತ್ತಿದ್ದೆನಂತೆ. "ಲಾಟರಿ ಹೊಡೀತಾ?" ಎಂದು ಒಬ್ಬರು ಕೇಳಿದರು. ಹೌದು ಎಂದೆ.

ನೀನು ಅತ್ತದ್ದನ್ನು ಓದಿ ಬೇಜಾರಾಗಬೇಕಿತ್ತು. ಆಗಲಿಲ್ಲ, ಕ್ಷಮಿಸು. ಈ ವರ್ಷವೆಲ್ಲ ನಾನೊಬ್ಬನೇ ಉರಿದು ಬೂದಿಯಾಗುತ್ತಿದ್ದೇನೆ, ಆ ದೊಡ್ಡ ಮನೆಯಲ್ಲಿ ನಿನಗೆ ಇನ್ನು ನಾನು ಯಾಕೆ ಬೇಕು ಎಂದುಕೊಂಡಿದ್ದೆ. ನನಗೋಸ್ಕರ ನೀನೂ ಇಷ್ಟು ಉರಿಯುತ್ತೀಯ ಎಂದು ನನಗೇನು ಗೊತ್ತು? ಮೊದಲೇ ಗೊತ್ತಿದ್ದರೆ ಬೀಗರಿಗೆ ಇನ್ನೂ ದಪ್ಪ ಲಕೋಟೆ ಕಳಿಸುತ್ತಿದ್ದೆ.

ಥಿಯೇಟರಿಗೆ ಫೋನ್ ಮಾಡಿ ವಿಚಾರಿಸಿದೆ. ಸಿನಿಮಾ ಅದರ ಹಿಂದಿನ ದಿನ, ಶುಕ್ರವಾರವೇ ಬರುತ್ತದೆ. ನೀನು ಶುಕ್ರವಾರ ರಜಾ ಹಾಕು, ನಾನು ಬೆಳಗಿನ ಬಸ್ಸಿಗೇ ಬರುತ್ತೇನೆ, ನಾವಿಬ್ಬರೂ ಮೊದಲ ಆಟವೇ ನೋಡಿಬಿಡೋಣ. ನಾನು ತುಟಿಪಿಟಕ್ಕೆನ್ನುವುದಿಲ್ಲ, ನೀನು ಕೇಳಿದರೆ ಮಾತ್ರ ಮಾತಾಡುತ್ತೇನೆ. ಕೇಳು. ಶನಿವಾರ ಏನೂ ಗೊತ್ತಿಲ್ಲದವನ ಹಾಗೆ ಬೀಗರ ಪಕ್ಕ ಕೂತು ಇನ್ನೊಂದು ಸಲ ನೋಡುತ್ತೇನೆ.

ಮಾವನಿಗೆ ಈಗಲೇ ಹೇಳಬೇಡ. ಅವರ ಶನಿವಾರ ಸುಖವಾಗಿ ಮುಗಿಯಲಿ. ಆಮೇಲೆ ಯಾವತ್ತಾದರೂ ಊಟಕ್ಕೆ ಕೂತಾಗ ಬಾಯಿತಪ್ಪಿದ ಹಾಗೆ ಹೇಳಿಬಿಡು. ಅವರೂ ಸ್ವಲ್ಪ ಉರಿದುಕೊಳ್ಳಲಿ.

ನಿನ್ನ
ಅಪ್ಪ